ಪ್ರಾರ್ಥನಾ ಶಿಬಿರಕ್ಕೆ ಕಳಿಸಿದರೆ ಗೇ ಹುಡುಗ ನಿಜವಾಗಿ ಬದಲಾಗುತ್ತಾನಾ? ಗೊತ್ತಿದ್ದವರು ಹೇಳಿ

ಬಿಜೈ_ಅಕ್ಕ

ವಿಷಯ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನ್ನ ತಮ್ಮನಿಗೆ 27 ವರ್ಷ. ಮಂಗಳೂರಲ್ಲೇ ಒಳ್ಳೆ ಕೆಲಸದಲ್ಲಿದ್ದಾನೆ. ಈಸ್ಟರ್ ಆದ ಮೇಲೆ ಮನೆಯಲ್ಲಿ ಅವನ ಮದುವೆ ಮಾತು ಶುರುವಾಯಿತು, ಎರಡು ಮೂರು ಪ್ರಪೋಸಲ್ ಕೂಡ ಬಂದಿತ್ತು. ಆಗ ಅವನು ಊಟಕ್ಕೆ ಕೂತಲ್ಲೇ ಹೇಳಿಬಿಟ್ಟ, ತಾನು ಗೇ, ಸುಮ್ನೆ ಒಂದು ಹುಡುಗಿಯ ಬದುಕು ಹಾಳು ಮಾಡುವುದು ತನ್ನಿಂದ ಆಗುವುದಿಲ್ಲ ಅಂತ. ಪಪ್ಪ ಅವತ್ತಿನಿಂದ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಮಮ್ಮಿ ಬೈಯಲಿಲ್ಲ, ಅತ್ತರು. ಈಗ ದಿನಾ ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದ ಮೇಲೆ ಅವನ ಹೆಸರು ಹೇಳಿ ಒಂದು ಪ್ರಾರ್ಥನೆ ಜಾಸ್ತಿ ಸೇರಿಸುತ್ತಾರೆ. ಅವನು ಅಲ್ಲೇ ಮೊಣಕಾಲೂರಿ ತಲೆ ತಗ್ಗಿಸಿ ಕೂತಿರುತ್ತಾನೆ. ನೋಡಲಿಕ್ಕೆ ಆಗುವುದಿಲ್ಲ.

ನಮ್ಮ ವಾರ್ಡಿನ ಒಬ್ಬರು ಆಂಟಿ ಮಮ್ಮಿಗೆ ಒಂದು ಶಿಬಿರದ ವಿಷಯ ಹೇಳಿದ್ದಾರೆ. ನಮ್ಮ ಇಗರ್ಜಿಯ (ಚರ್ಚಿನ) ಕಾರ್ಯಕ್ರಮ ಅಲ್ಲ, ಹೊರಗಿನವರು ನಡೆಸುವುದು. ಅಲ್ಲಿ ಕುಡಿತ ಬಿಡಿಸುತ್ತಾರೆ, ಡ್ರಗ್ಸ್ ಬಿಡಿಸುತ್ತಾರೆ, "ಇಂಥದ್ದನ್ನೂ" ಬಿಡಿಸುತ್ತಾರಂತೆ. ಒಂದು ವಾರ ಅಲ್ಲೇ ಉಳಿಯಬೇಕು, ಫೋನ್ ಅವರ ಹತ್ತಿರ ಕೊಡಬೇಕು, ಆಮೇಲೆ ತಿಂಗಳುಗಟ್ಟಲೆ ಒಬ್ಬರು ಫೋನ್ ಮಾಡಿ ವಿಚಾರಿಸುತ್ತಾ ಇರುತ್ತಾರಂತೆ. ಹೀಗೆ ಸರಿಯಾದ ಹುಡುಗರಿಗೆ ಮದುವೆಯಾಗಿ ಮಕ್ಕಳೂ ಇದ್ದಾರಂತೆ.

ನಾನು ದೇವರನ್ನು ನಂಬುವವಳು. ಪ್ರಾರ್ಥನೆಯನ್ನು ಹಗುರ ಮಾಡಿ ಮಾತಾಡಲು ಇಲ್ಲಿ ಬಂದದ್ದಲ್ಲ. ನನಗೆ ಬೇಕಾದದ್ದು ಒಂದೇ ಉತ್ತರ. ಇದರಿಂದ ಒಬ್ಬನ ಒಲವು ನಿಜವಾಗಿ ಬದಲಾಗುತ್ತದಾ, ಇಲ್ವಾ? ಆಗುವುದೇ ಇಲ್ಲ ಅಂತಾದರೆ ಮಮ್ಮಿಗೆ ಎಂತ ಹೇಳುವುದು? ಯಾಕೆ ಅರ್ಜೆಂಟ್ ಅಂದರೆ, ತಮ್ಮ ಮೊನ್ನೆ ನನ್ನ ಹತ್ತಿರ ಹೇಳಿದ, "ಮಮ್ಮಿಗೆ ಸಮಾಧಾನ ಆಗುವುದಾದರೆ ಹೋಗಿ ಬರುತ್ತೇನೆ ಬಿಡು, ಒಂದು ವಾರ ಅಲ್ವಾ." ಅವನು ಹಾಗೆ ಹೇಳಿದ್ದೇ ನನಗೆ ಹೆದರಿಕೆ.

ಪಡುಬಿದ್ರಿ_ಓದುಗ

ಅಕ್ಕಾ, ಉತ್ತರ ಇಲ್ಲ ಅಂತಲೇ. ಇದು ನನ್ನ ಅಭಿಪ್ರಾಯ ಅಲ್ಲ. ಇಂಥ ಕಾರ್ಯಕ್ರಮಗಳನ್ನು ವರ್ಷಾನುಗಟ್ಟಲೆ ನಡೆಸಿದವರ ಬಾಯಿಂದಲೇ ಬಂದ ಮಾತು, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಅಂತ ಒಂದು ಕ್ರೈಸ್ತ ಸಂಸ್ಥೆ ಇತ್ತು. 1976ರಲ್ಲಿ ಶುರುವಾದದ್ದು. ಪ್ರಾರ್ಥನೆ, ಬೈಬಲ್ ಪಾಠ, ಕೌನ್ಸೆಲಿಂಗ್, ಗುಂಪಿನ ಎದುರು ತಪ್ಪೊಪ್ಪಿಗೆ, ಇದರಿಂದ ಸಲಿಂಗಿಗಳು ಬದಲಾಗಬಹುದು ಅಂತ ನಂಬಿ ಕೆಲಸ ಮಾಡುತ್ತಿದ್ದ ಸಂಸ್ಥೆಗಳೆಲ್ಲ ಅದರ ಅಡಿಯಲ್ಲಿ ಸೇರಿದ್ದವು. ಅದನ್ನು ಕಟ್ಟಿದವರಲ್ಲಿ ಒಬ್ಬರು ಮೈಕಲ್ ಬಸ್ಸೀ. ಅವರು 1979ರಲ್ಲೇ ಹೊರಗೆ ಬಂದರು, ಅದೇ ಕೆಲಸದಲ್ಲಿ ಜೊತೆಗಿದ್ದ ಇನ್ನೊಬ್ಬ ಗಂಡಸಿನ ಮೇಲೆ ಪ್ರೀತಿಯಾಗಿ. 2007ರಲ್ಲಿ ತಾನು ಮಾಡಿದ ಕೆಲಸಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಕೊನೆಯ ಅಧ್ಯಕ್ಷ ಅಲನ್ ಚೇಂಬರ್ಸ್. ತಾನು ಕಂಡವರಲ್ಲಿ ಶೇಕಡಾ 99.9 ಜನರ ಒಲವು ಬದಲಾಗಿಲ್ಲ ಅಂತ 2012ರ ಜನವರಿಯಲ್ಲಿ ಅವರೇ ಹೇಳಿದರು. 2013ರ ಜೂನ್‌ನಲ್ಲಿ ಕ್ಷಮೆ ಕೇಳಿ ಸಂಸ್ಥೆಯನ್ನೇ ಮುಚ್ಚಿಬಿಟ್ಟರು. ಲವ್ ಇನ್ ಆಕ್ಷನ್ ಅಂತ ಇನ್ನೊಂದು ಹೆಸರುವಾಸಿ ಸಂಸ್ಥೆ. ಅದನ್ನು ಬಹಳ ಕಾಲ ನಡೆಸಿದ ಜಾನ್ ಸ್ಮಿಡ್ 2011ರಲ್ಲಿ ಬರೆದರು, ಸಲಿಂಗಿಯಾಗಿದ್ದು ಆಮೇಲೆ ಪೂರ್ತಿ ಬದಲಾದ ಒಬ್ಬ ಗಂಡಸನ್ನೂ ತಾನು ಕಂಡಿಲ್ಲ ಅಂತ. ಇವರು ಯಾರೂ ಹೊರಗೆ ನಿಂತು ಕಲ್ಲು ಹೊಡೆದವರಲ್ಲ. ಬದುಕನ್ನೇ ಇದಕ್ಕೆ ಕೊಟ್ಟವರು, ದೇವರನ್ನು ನಂಬಿದವರು. ಆಗುತ್ತಿದ್ದರೆ ಅವರ ಕೈಯಲ್ಲಿ ಆಗಬೇಕಿತ್ತು.

ಇನ್ನೊಂದು ಕಥೆ ಉಂಟು, ಇದನ್ನು ಎದುರಿನವರು ತುಂಬಾ ಸಲ ಹೇಳುತ್ತಾರೆ, ಹಾಗಾಗಿ ಗೊತ್ತಿರಲಿ. ರಾಬರ್ಟ್ ಸ್ಪಿಟ್ಜರ್ ಅಂತ ದೊಡ್ಡ ಮನೋವೈದ್ಯರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯುವಾಗ ಮುಂದೆ ನಿಂತವರೇ ಅವರು. ಅವರೇ 2003ರಲ್ಲಿ, ಕೆಲವರು ಬದಲಾಗಬಹುದು ಅಂತ ಒಂದು ಅಧ್ಯಯನ ಪ್ರಕಟಿಸಿದರು. ಮಾಡಿದ್ದು ಹೇಗೆ? "ನಾವು ಬದಲಾಗಿದ್ದೇವೆ" ಅಂತ ಹೇಳಿಕೊಂಡ 200 ಜನರಿಗೆ ಫೋನ್ ಮಾಡಿ ಕೇಳಿದ್ದು. ಅವರಲ್ಲಿ ತುಂಬಾ ಜನ ಇಂಥ ಸಂಸ್ಥೆಗಳೇ ಕಳಿಸಿಕೊಟ್ಟವರು. ಹೇಳುವುದು ನಿಜವಾ ಅಂತ ನೋಡಲಿಕ್ಕೆ ದಾರಿಯೇ ಇರಲಿಲ್ಲ. 2012ರಲ್ಲಿ ಸ್ಪಿಟ್ಜರ್ ಅದೇ ಪತ್ರಿಕೆಗೆ ಬರೆದು ತನ್ನ ತೀರ್ಮಾನ ಹಿಂದೆ ತೆಗೆದುಕೊಂಡರು, ಇದನ್ನು ನಂಬಿ ಸಮಯ, ಶ್ರಮ ಹಾಳು ಮಾಡಿಕೊಂಡವರ ಹತ್ತಿರ ಕ್ಷಮೆ ಕೇಳಿದರು.

ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2009ರಲ್ಲಿ 1960ರಿಂದ 2007ರವರೆಗಿನ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಒಲವು ಬದಲಾಗುತ್ತದೆ ಅನ್ನಲು ಸರಿಯಾದ ಆಧಾರ ಸಿಗಲಿಲ್ಲ. ಹಾನಿ ಆಗುವ ಅಪಾಯ ಮಾತ್ರ ಕಂಡಿತು.

ಆಂಟಿ ಹೇಳಿದ "ಮದುವೆಯಾಗಿ ಮಕ್ಕಳಿದ್ದಾರೆ" ಅನ್ನುವ ಮಾತು ಸುಳ್ಳೇ ಇರಬೇಕು ಅಂತಿಲ್ಲ. ಮದುವೆ ಆಗಬಹುದು, ಮಕ್ಕಳೂ ಆಗಬಹುದು. ಒಬ್ಬ ಏನು ಮಾಡುತ್ತಾನೆ ಅನ್ನುವುದು ಬೇರೆ, ನಾಲ್ಕು ಜನರ ಎದುರು ಏನು ಹೇಳುತ್ತಾನೆ ಅನ್ನುವುದು ಬೇರೆ, ಅವನ ಮನಸ್ಸು ಯಾರ ಕಡೆ ಹೋಗುತ್ತದೆ ಅನ್ನುವುದು ಬೇರೆ. ಮೊದಲಿನ ಎರಡನ್ನು ಒತ್ತಾಯದಿಂದ ಬದಲಾಯಿಸಬಹುದು. ನೀವು ಕೇಳಿದ್ದು ಮೂರನೆಯದು.

ಹೆಸರು_ಬೇಡ_ಕಾಪು

ಓದುಗರು ಪುಸ್ತಕದ್ದು ಹೇಳಿದರು. ನಾನು ಒಳಗೆ ಇದ್ದು ಬಂದವನು. ಆ ಜಾಗದ ಹೆಸರು ಹೇಳುವುದಿಲ್ಲ, ಯಾರೂ ಕೇಳಬೇಡಿ.

ನಿಮ್ಮ ತಮ್ಮ ಹೇಳಿದ ಹಾಗೇ ನಾನೂ ಹೇಳಿದ್ದೆ ಅಕ್ಕಾ, ಅಮ್ಮನಿಗೋಸ್ಕರ ಹೋಗುತ್ತೇನೆ ಅಂತ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ನನಗೂ ಆಸೆ ಇತ್ತು. ಬದಲಾದರೆ ಎಷ್ಟು ಸುಲಭ ಅಲ್ವಾ, ಎಲ್ಲ ಸಮಸ್ಯೆ ಒಂದೇ ಸಲಕ್ಕೆ ಮುಗಿಯುತ್ತದೆ. ಯಾವ ಹುಡುಗನೂ ಅಲ್ಲಿಗೆ ಪೂರ್ತಿ ನಾಟಕ ಮಾಡಲು ಹೋಗುವುದಿಲ್ಲ. ಪ್ರಾಮಾಣಿಕವಾಗಿ ಬೇಡಿಕೊಳ್ಳಲು ಹೋಗುತ್ತಾನೆ, ಪೆಟ್ಟು ಬೀಳುವುದು ಅಲ್ಲೇ.

ಮೊದಲ ದಿನ ಒಂದು ಹಾಳೆ ಕೊಟ್ಟರು. ಚಿಕ್ಕಂದಿನಲ್ಲಿ ಅಪ್ಪ ದೂರ ಇದ್ದರಾ, ಅಮ್ಮ ಜಾಸ್ತಿ ಮುದ್ದು ಮಾಡಿದರಾ, ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರಾ, ಹೀಗೆಲ್ಲ. ನನ್ನ ಅಪ್ಪ ಗಲ್ಫ್‌ನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಸರಿ, ಅದೇ ಕಾರಣ ಅಂತ ತೀರ್ಮಾನ ಆಯಿತು. ನನ್ನ ಅಣ್ಣನೂ ಅದೇ ಅಪ್ಪನ ಮಗ, ಅದೇ ಮನೆಯಲ್ಲಿ ಬೆಳೆದವನು, ಅವನು ಗೇ ಅಲ್ಲ. ಅದನ್ನು ಹೇಳಿದರೆ ವಾದ ಮಾಡಬೇಡ, ಅದು ಅಹಂಕಾರ ಅಂದರು. ನಮ್ಮನ್ನು ಸಾಕಲು ಮರುಭೂಮಿಯಲ್ಲಿ ಬೆವರು ಸುರಿಸಿದ ಮನುಷ್ಯನ ಮೇಲೆ ತಪ್ಪು ಹಾಕಿ ಬರೆದು ನನ್ನ ಕೈಯಿಂದ ಸೈನ್ ಮಾಡಿಸಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ನೋಟ್‌ಬುಕ್. ದಿನಾ ಮಲಗುವ ಮೊದಲು ಅವತ್ತು ಯಾರನ್ನು ನೋಡಿ ಎಂಥ ಯೋಚನೆ ಬಂತು ಅಂತ ಬರೆಯಬೇಕು, ಬೆಳಿಗ್ಗೆ ಗೈಡ್‌ಗೆ ತೋರಿಸಬೇಕು. ಅವರು ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ, ಇದಕ್ಕೆ ಇಷ್ಟು ಪ್ರಾರ್ಥನೆ, ಇದಕ್ಕೆ ಉಪವಾಸ ಅಂತ ಬದಿಯಲ್ಲಿ ಬರೆಯುತ್ತಿದ್ದರು. ಮೂರನೇ ದಿನದಿಂದ ಎಲ್ಲರೂ ಕಡಿಮೆ ಬರೆಯಲು ಶುರು ಮಾಡಿದರು. ಗೈಡ್‌ಗೆ ಖುಷಿ, ಸುಧಾರಣೆ ಕಾಣುತ್ತಾ ಉಂಟು ಅಂತ.

ಕೊನೆಯ ದಿನ ಸಾಕ್ಷಿ. ಮನೆಯವರನ್ನು ಕರೆಸುತ್ತಾರೆ, ಹಾಲ್ ತುಂಬಾ ಜನ, ಮೈಕ್ ಕೈಗೆ ಕೊಡುತ್ತಾರೆ. ಅಮ್ಮ ಎದುರಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದಾರೆ. ಅಲ್ಲಿ ನಿಂತು ಯಾವ ಮಗ "ನನಗೆ ಏನೂ ಆಗಿಲ್ಲ" ಅಂತ ಹೇಳುತ್ತಾನೆ? ನಾನೂ ಹೇಳಲಿಲ್ಲ. ದೇವರು ಬಿಡುಗಡೆ ಕೊಟ್ಟ ಅಂದೆ. ಚಪ್ಪಾಳೆ. ಆ ಆಂಟಿ ನಿಮ್ಮ ಮಮ್ಮಿಗೆ ಹೇಳುವ ಕಥೆಗಳು ಇಂಥ ಮೈಕಿನಿಂದ ಬಂದವು ಅಕ್ಕಾ. ಮುಂದಿನ ವರ್ಷ ಆ ಹುಡುಗ ಹೇಗಿದ್ದಾನೆ ಅಂತ ವಿಚಾರಿಸಿ ಯಾರೂ ಬರೆದಿಡುವುದಿಲ್ಲ.

ನನ್ನ ಒಲವು ಒಂದು ಕೂದಲಿನಷ್ಟೂ ಬದಲಾಗಲಿಲ್ಲ. ಬದಲಾದದ್ದು ಬೇರೆ. ಮೊದಲು ನಾನು ನೆಮ್ಮದಿಯಿಂದ ಪೂಜೆಗೆ ಹೋಗುತ್ತಿದ್ದೆ. ಬಂದ ಮೇಲೆ, ದೇವರು ಗುಣ ಮಾಡಿದರೂ ಮತ್ತೆ ಹಾಳು ಮಾಡಿಕೊಂಡವನು ನಾನೇ ಅನ್ನುವ ಭಾವನೆ ಕೂತುಬಿಟ್ಟಿತು. ಕುಮ್ಗಾರ್ (ಪೂಜೆಯಲ್ಲಿ ಕೊಡುವ ಪರಮಪ್ರಸಾದ) ತೆಗೆದುಕೊಳ್ಳುವುದನ್ನು ಬಿಟ್ಟೆ. ನಿದ್ದೆ ಹೋಯಿತು. ಬದುಕುವುದೇ ಬೇಡ ಅನ್ನುವ ಯೋಚನೆ ಬಂದದ್ದು ಆಗಲೇ, ಅದಕ್ಕಿಂತ ಮೊದಲು ಯಾವತ್ತೂ ಬಂದಿರಲಿಲ್ಲ. ಒಬ್ಬ ಗೆಳೆಯ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ.

ಕಳಿಸಬೇಡಿ. ಒಂದು ವಾರ ಅಲ್ಲ ಅದು.

ದಿನಕರ_ಉಡುಪಿ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಹಾಗಾಗಿ ಕೇಳುತ್ತೇನೆ. ನನಗೆ ಗೊತ್ತಿರುವ ಒಬ್ಬರು ಸಣ್ಣ ಪ್ರಾಯದಲ್ಲಿ ಹೀಗೇ ಇದ್ದವರು. ಮನೆಯವರು ಗುರುಗಳ ಹತ್ತಿರ ಕರೆದುಕೊಂಡು ಹೋದರು, ವ್ರತ ಹಿಡಿದರು, ಮದುವೆ ಮಾಡಿದರು. ಈಗ ಎರಡು ಮಕ್ಕಳು, ಚೆನ್ನಾಗಿದ್ದಾರೆ. ಶ್ರದ್ಧೆ ಇದ್ದರೆ ಆಗುತ್ತದೆ ಅಂತ ನನ್ನ ನಂಬಿಕೆ. ಒಂದು ಸಲ ಪ್ರಯತ್ನ ಮಾಡಿ ನೋಡುವುದರಲ್ಲಿ ನಷ್ಟ ಏನು? ವಿದೇಶದ ಅಧ್ಯಯನ ನಮಗೆ ಯಾಕೆ? ಒಬ್ಬ ತಾಯಿಯ ಸಂಕಟಕ್ಕೂ ಸ್ವಲ್ಪ ಬೆಲೆ ಕೊಡಬೇಕಲ್ವಾ?

ಬ್ರಹ್ಮಾವರದವಳು

ದಿನಕರಣ್ಣ, ನಷ್ಟ ಏನು ಅಂತ ನಾನು ಹೇಳುತ್ತೇನೆ. ನೀವು ಹೇಳಿದ ಆ ಮದುವೆಯಲ್ಲಿ ಹೆಂಡತಿ ಅಂತ ಒಬ್ಬಳು ಇರುತ್ತಾಳಲ್ಲ, ಅಂಥವಳು ನಾನು.

ನಮ್ಮದು ಹಿಂದೂ ಮನೆ, ಎರಡೂ ಕಡೆಯವರು ದೈವ ದೇವರು ಅಂತ ನಡೆದುಕೊಳ್ಳುವವರು. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ದೊಡ್ಡವರ ಮಾತು ಮೀರುವುದಿಲ್ಲ ಅಂತ ಹೇಳಿ ಕೊಟ್ಟರು. ಎಲ್ಲವೂ ನಿಜವೇ. ಅವರ ಮನೆಯವರಿಗೆ ವಿಷಯ ಗೊತ್ತಿತ್ತು, ಪೂಜೆ ಮಾಡಿಸಿದ್ದರು, ಸರಿಯಾಗಿದೆ ಅಂದುಕೊಂಡಿದ್ದರು. ನನಗೆ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮದುವೆಯಾಗಿ ವರ್ಷ ಕಳೆಯುವ ಮೊದಲೇ ಹೋದಲ್ಲೆಲ್ಲ "ಎಂತ ವಿಶೇಷ ಇಲ್ವಾ" ಅಂತ ಕೇಳುವುದು ಶುರು. ನನ್ನ ಗಂಡ ನನ್ನ ಪಕ್ಕ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅತ್ತೆ ನನ್ನನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸ್ಕ್ಯಾನ್, ರಕ್ತ ಪರೀಕ್ಷೆ, ಎಲ್ಲ ನನಗೆ. ನಾನು ದಪ್ಪ ಆಗಿದ್ದೇನೆ, ನನಗೆ ಗಂಡನ ಮನಸ್ಸು ಹಿಡಿಯಲು ಬರುವುದಿಲ್ಲ ಅನ್ನುವ ಮಾತುಗಳೂ ನನಗೇ. ನನ್ನಲ್ಲೇ ಏನೋ ಕೊರತೆ ಅಂತ ನಾನೂ ನಂಬಿದ್ದೆ. ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ. ಕೊನೆಗೆ ಅವರೇ ಒಂದು ರಾತ್ರಿ ಹೇಳಿದರು. ಹೇಳುವಾಗ ಅವರ ಕೈ ನಡುಗುತ್ತಿತ್ತು, ನನ್ನ ಕಾಲು ಹಿಡಿಯಲು ಬಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನೂ ಬಲಿ ಕೊಟ್ಟದ್ದೇ. ಸಿಟ್ಟು ಇರುವುದು ಮದುವೆಯನ್ನು ಔಷಧಿ ಮಾಡಿ, ಆ ಔಷಧಿಗೆ ಒಂದು ಹುಡುಗಿಯನ್ನು ಬಳಸಿದವರ ಮೇಲೆ. ಹೊರಗಿನಿಂದ ನೋಡಿದರೆ ನಾವೂ "ಚೆನ್ನಾಗಿದ್ದಾರೆ" ಅಂತಲೇ ಇದ್ದೆವು ಅಣ್ಣಾ. ದೀಪಾವಳಿಗೆ ಒಟ್ಟಿಗೆ ನಿಂತು ತೆಗೆದ ಫೋಟೋ ಕೂಡ ಉಂಟು.

ಬಿಜೈ ಅಕ್ಕಾ, ನಿಮ್ಮ ತಮ್ಮ ಹುಡುಗಿಯ ಬದುಕು ಹಾಳು ಮಾಡುವುದಿಲ್ಲ ಅಂತ ಹೇಳಿದ್ದಾನಲ್ಲ, ಅಷ್ಟು ಹೇಳಲು ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ನನ್ನ ಪಾಲಿಗೆ ಆ ಮಾತು ಹೇಳುವವರು ಯಾರೂ ಇರಲಿಲ್ಲ.

ಸುರತ್ಕಲ್_ಅಲೆ

ಬರೀ ಇಗರ್ಜಿಯವರ ವಿಷಯ ಅಂತ ಯಾರೂ ತಿಳಿಯಬಾರದು, ಅದಕ್ಕೆ ಇದು. ನಾನು ಲೆಸ್ಬಿಯನ್. ಮನೆಯಲ್ಲಿ ಗೊತ್ತಾದಾಗ ಮೊದಲು ಮಾಡಿದ್ದು ಪ್ರಶ್ನೆ ಇಡಿಸಿದ್ದು. ಕವಡೆ ಹಾಕಿ ನೋಡಿದರು, ನಾಗದೋಷ ಅಂದರು. ಆಶ್ಲೇಷಾ ಬಲಿ ಆಯಿತು. ಆಮೇಲೆ ಇನ್ನೊಬ್ಬರು, ಅಲ್ಲ, ಯಾವುದೋ ಪ್ರೇತ ಹಿಡಿದಿದೆ ಅಂದರು. ಅದಕ್ಕೂ ಒಂದು ಆಯಿತು, ತೋಳಿಗೆ ತಾಯಿತ ಬಂತು. ಒಂದೊಂದು ಮುಗಿದಾಗಲೂ ಅಮ್ಮ ನನ್ನ ಮುಖ ನೋಡುವುದು, ಏನಾದರೂ ಗೊತ್ತಾಗುತ್ತದಾ ಅಂತ. ಪಾಪ, ಚಿನ್ನ ಅಡವಿಟ್ಟು ಮಾಡಿಸಿದ್ದು ಅವರು. ನನ್ನ ಜೊತೆ ಓದಿದ ಒಬ್ಬಳು ಮುಸ್ಲಿಂ ಹುಡುಗಿಗೆ ಮನೆಯವರು ರುಖಿಯಾ, ಅಂದರೆ ಕುರಾನ್ ಓದಿ ಊದಿಸುವುದು, ಮಾಡಿಸಿದ್ದರು. ಅವಳಿಗೂ ಏನೂ ಬದಲಾಗಲಿಲ್ಲ. ನಾವಿಬ್ಬರೂ ನಮ್ಮ ದೇವರನ್ನು ಬಿಟ್ಟಿಲ್ಲ. ನಾನು ಈಗಲೂ ಷಷ್ಠಿಗೆ ತಪ್ಪದೆ ಹೋಗುತ್ತೇನೆ.

ಒಂದು ಮಾತು ತಿಳಿದಿರಲಿ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿ ಹಾಕುವುದು, ಇದೆಲ್ಲ ಮಾಡಿದರೆ ನಮ್ಮ ರಾಜ್ಯದಲ್ಲಿ ಅಪರಾಧ. ಮೌಢ್ಯ ತಡೆಯುವ ಕಾಯ್ದೆ 2017ರಲ್ಲಿ ಪಾಸಾಗಿ 2020ರಿಂದ ಜಾರಿಯಲ್ಲಿದೆ. ಕೈ ಮಾಡುವ ಹಂತಕ್ಕೆ ಬಂದರೆ ಮನೆಯವರು ಅಂತ ಸುಮ್ಮನಿರಬೇಡಿ.

ಪಡುಬಿದ್ರಿ_ಓದುಗ

ದಿನಕರಣ್ಣ ಕೇಳಿದ್ದು ನ್ಯಾಯವಾದ ಪ್ರಶ್ನೆ. ಶ್ರದ್ಧೆ ಇದ್ದರೆ ಆಗುತ್ತದೆ ಅನ್ನುವುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ, ಅದೂ ನಂಬಿಕೆಯ ಕಡೆಯವರೇ. ಜೋನ್ಸ್ ಮತ್ತು ಯಾರ್‌ಹೌಸ್ ಅಂತ ಅಮೆರಿಕದ ಕ್ರೈಸ್ತ ವಿದ್ಯಾಸಂಸ್ಥೆಗಳ ಇಬ್ಬರು ಪ್ರಾಧ್ಯಾಪಕರು, ಎಕ್ಸೋಡಸ್ ಕಾರ್ಯಕ್ರಮಕ್ಕೆ ಸೇರಿದ 98 ಜನರನ್ನು ಆರೇಳು ವರ್ಷ ಹಿಂಬಾಲಿಸಿ ನೋಡಿದರು. ಕೊನೆಯ ವರದಿ 2011ರಲ್ಲಿ ಬಂತು. ಅಷ್ಟು ಹೊತ್ತಿಗೆ ಉಳಿದವರು 61 ಜನ. ಅವರಲ್ಲಿ ಶೇಕಡಾ 23 ಜನ ಬದಲಾಗಿದ್ದೇವೆ ಅಂದರು, ಅಂದರೆ 14 ಜನ. ಶೇಕಡಾ 30 ಜನ ಬ್ರಹ್ಮಚರ್ಯದಲ್ಲಿ ಇದ್ದೇವೆ ಅಂದರು. ಬದಲಾದೆವು ಅಂದವರಲ್ಲೂ ಸಲಿಂಗ ಆಕರ್ಷಣೆ ಪೂರ್ತಿ ಹೋಗಿರಲಿಲ್ಲ. ಬಿಟ್ಟುಹೋದ 37 ಜನರ ಕಥೆ ಏನಾಯಿತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ, ಎಲ್ಲ ಅವರವರ ಬಾಯಿಮಾತು. ಇವರೆಲ್ಲ ಬಹಳ ಶ್ರದ್ಧೆಯಿಂದಲೇ ಸೇರಿದವರು, ಒತ್ತಾಯಕ್ಕೆ ಬಂದವರಲ್ಲ. ಇದ್ದುದರಲ್ಲಿ ಅನುಕೂಲವಾದ ಅಧ್ಯಯನದಲ್ಲೇ ಸಿಕ್ಕಿದ್ದು ಇಷ್ಟು.

ಶ್ರದ್ಧೆ ಸಾಲದ್ದಕ್ಕೆ ಆಗಲಿಲ್ಲ ಅನ್ನುವ ಮಾತು ನನಗೆ ತುಂಬಾ ಕ್ರೂರವಾಗಿ ಕಾಣುತ್ತದೆ. ಕಾಪುವಿನವರು ಬರೆದದ್ದು ಮತ್ತೊಮ್ಮೆ ಓದಿ ಅಣ್ಣಾ. ಆಗದೇ ಇದ್ದಾಗ ತಪ್ಪು ಶಿಬಿರದ್ದಲ್ಲ, ಹುಡುಗನ ಭಕ್ತಿಯದ್ದು ಅಂತಾಗುತ್ತದೆ. ಹಾಗಾದರೆ ಶಿಬಿರ ಸೋಲುವುದೇ ಇಲ್ಲ, ಸೋಲುವುದು ಯಾವಾಗಲೂ ಆ ಹುಡುಗನೇ.

"ಪ್ರಯತ್ನ ಮಾಡಿ ನೋಡುವುದರಲ್ಲಿ ನಷ್ಟ ಏನು" ಅನ್ನುವುದಕ್ಕೂ ಉತ್ತರ ಉಂಟು. 2020ರಲ್ಲಿ ಅಮೆರಿಕದ 1,518 ಜನರ ಅಧ್ಯಯನ ಒಂದು ಬಂತು. ಬದಲಾಯಿಸುವ ಪ್ರಯತ್ನಕ್ಕೆ ಒಳಗಾದವರಲ್ಲಿ, ಒಳಗಾಗದ ಸಲಿಂಗಿಗಳಿಗಿಂತ, ಸಾಯುವ ಯೋಚನೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಒಳಗಾದವರಲ್ಲಿ ಹತ್ತಕ್ಕೆ ಎಂಟು ಜನರಿಗೆ ಅದನ್ನು ಮಾಡಿದ್ದು ಧಾರ್ಮಿಕ ಮುಖಂಡರು. ವಿದೇಶದ ಲೆಕ್ಕ ಅಂತ ಬಿಡಬಹುದಿತ್ತು, ಕಾಪುವಿನವರು ಮೇಲೆ ಅದನ್ನೇ ಬರೆಯದೇ ಇದ್ದಿದ್ದರೆ.

ಮಣಿಪಾಲ_ಡಾಕ್ಟ್ರು

ನಾನು ಮನೋವೈದ್ಯೆ. ಇಲ್ಲಿ ಯಾರ ಕೇಸನ್ನೂ ನೋಡಿ ಸಲಹೆ ಕೊಡುತ್ತಿಲ್ಲ, ಪೋಷಕರು ಬಂದು ಕೂತಾಗ ಹೇಳುವುದನ್ನೇ ಹೇಳುತ್ತೇನೆ.

ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿದೆ. ನಮ್ಮ ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು, ಅದನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್‌ನಿಂದ ಹೊರಗೆ ತಂದಿತು. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು, ಒಲವು ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಮಾಡುವವರ ಲೈಸೆನ್ಸ್ ರದ್ದು ಮಾಡುವವರೆಗೂ ಕ್ರಮ ಆಗಬೇಕು ಅಂದರು. ಅದರ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದು, ಕನ್ವರ್ಷನ್ ಥೆರಪಿ, ಅಂದರೆ ಇಂಥ ಒಲವು ಬದಲಾಯಿಸುವ ಚಿಕಿತ್ಸೆ, ಮಾಡುವುದು ವೃತ್ತಿ ದುರ್ನಡತೆ ಅಂತ ತಿಳಿಸಿತು. ಹಾಗಾಗಿ ಯಾವ ಡಾಕ್ಟರ್ ಆದರೂ ಮಾತ್ರೆ ಕೊಟ್ಟು, ಶಾಕ್ ಕೊಟ್ಟು, ಹಿಪ್ನಾಟಿಸಂ ಮಾಡಿ ಸರಿ ಮಾಡುತ್ತೇನೆ ಅಂದರೆ ದೂರು ಕೊಡಬಹುದು.

ಪ್ರಾರ್ಥನಾ ಶಿಬಿರ ನಡೆಸುವವರು ಡಾಕ್ಟರ್ ಅಲ್ಲ, ಅವರಿಗೆ ಈ ಆದೇಶ ನೇರ ತಾಗುವುದಿಲ್ಲ. ತೊಂದರೆ ಇರುವುದು ಅಲ್ಲಿ. ಆದರೆ 18 ದಾಟಿದ ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಒಂದು ಕಡೆ ಕೂಡಿ ಹಾಕುವಂತಿಲ್ಲ. ಅದು ಅಕ್ರಮ ಬಂಧನ, 112ಕ್ಕೆ ಫೋನ್ ಮಾಡಬಹುದು. ಮನೆಯವರು ಸೈನ್ ಮಾಡಿದ್ದಾರೆ ಅಂತ ಅದು ಸರಿಯಾಗುವುದಿಲ್ಲ.

ಅಮ್ಮನ ವಿಷಯ. ನನ್ನ ಅನುಭವದಲ್ಲಿ ಅಮ್ಮಂದಿರಿಗೆ ಅಧ್ಯಯನದ ಅಂಕೆ ನಾಟುವುದಿಲ್ಲ. ಅವರ ಒಳಗೆ ಇರುವುದು ಮೂರು ಭಯ: ನಾನೇ ಏನೋ ತಪ್ಪು ಮಾಡಿದೆನಾ, ಜನ ಏನು ಹೇಳುತ್ತಾರೆ, ನಾನು ಹೋದ ಮೇಲೆ ಇವನಿಗೆ ಯಾರಿದ್ದಾರೆ. ಕೊನೆಯದೇ ಅತಿ ದೊಡ್ಡದು, ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಅಕ್ಕನಾಗಿ ನೀವು ಅದಕ್ಕೆ ಉತ್ತರ ಕೊಡಬಹುದು, ನಾನಿದ್ದೇನೆ ಅಂತ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಮಾತು ಮುಂದೆ ಹೋದದ್ದು ಈ ಒಂದು ವಾಕ್ಯದಿಂದ.

ತಮ್ಮನ ಹತ್ತಿರ ಮಾತ್ರ ನೇರವಾಗಿ ಕೇಳಿ, ಸಾಯುವ ಯೋಚನೆ ಬರುತ್ತದಾ ಅಂತ. ಕೇಳಿದರೆ ಯೋಚನೆ ಬಿತ್ತಿದ ಹಾಗಾಗುತ್ತದೆ ಅನ್ನುವುದು ತಪ್ಪು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಸರು_ಬೇಡ_ಕಾಪು

ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಮಮ್ಮಿಯ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರಬಹುದು. ಕ್ಯಾಥೊಲಿಕ್ ಧರ್ಮೋಪದೇಶದ ಗ್ರಂಥದಲ್ಲಿ ಈ ವಿಷಯಕ್ಕೆ 2357ರಿಂದ 2359ರವರೆಗೆ ಮೂರು ಪರಿಚ್ಛೇದಗಳಿವೆ. ಅದರಲ್ಲಿ ಸಲಿಂಗ ಸಂಬಂಧವನ್ನು ಒಪ್ಪಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬ್ರಹ್ಮಚರ್ಯ ಪಾಲಿಸಿ ಅನ್ನುತ್ತದೆ. ಆದರೆ ಒಲವನ್ನು ಬದಲಾಯಿಸಿಕೊಂಡು ಬನ್ನಿ ಅಂತ ಎಲ್ಲೂ ಹೇಳಿಲ್ಲ. ಇವರನ್ನು ಗೌರವದಿಂದ, ಕರುಣೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಕೂಡದು ಅಂತ ಸ್ಪಷ್ಟವಾಗಿ ಇದೆ. ಮಮ್ಮಿಗೆ ತೋರಿಸಿ. ಶಿಬಿರದವರು ಇಗರ್ಜಿಗಿಂತ ಜಾಸ್ತಿ ಕೇಳುತ್ತಿದ್ದಾರೆ ಅಂತ ಅವರಿಗೇ ಗೊತ್ತಾಗುತ್ತದೆ. ನನ್ನ ಅಮ್ಮನಿಗೆ ಇದನ್ನು ಓದಿ ಹೇಳಿದ್ದು ಒಬ್ಬ ಹಿರಿಯ ಪಾದ್ರಿ, ಶಿಬಿರದಿಂದ ಬಂದು ಎಷ್ಟೋ ಕಾಲ ಆದ ಮೇಲೆ. ಮೊದಲೇ ಸಿಕ್ಕಿದ್ದರೆ ಅಂತ ಅನ್ನಿಸುತ್ತದೆ.

ಬಿಜೈ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ, ಓದುತ್ತಾ ಇದ್ದೆ.

ನಿನ್ನೆ ಕದ್ರಿ ಪಾರ್ಕಿಗೆ ತಮ್ಮನನ್ನು ಕರೆದುಕೊಂಡು ಹೋಗಿ ಡಾಕ್ಟ್ರು ಹೇಳಿದ ಹಾಗೆ ನೇರವಾಗಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಈಗ ಇಲ್ಲ, ಆದರೆ ಅಲ್ಲಿ ಹೋಗಿ ಬಂದೂ ಏನೂ ಆಗದಿದ್ದರೆ ಎಂತ ಮಾಡುವುದು ಅಂತ ಯೋಚನೆ ಮಾಡುತ್ತಿದ್ದೆ" ಅಂದ. ಅಷ್ಟು ಸಾಕಾಯಿತು ನನಗೆ. ಹೋಗುವುದು ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆವು. ಕಾಪುವಿನವರು ಬರೆದದ್ದನ್ನು ಅವನೂ ಓದಿದ.

ಮಮ್ಮಿಗೆ ರಾತ್ರಿ ಹೇಳಿದೆ. ಒಪ್ಪಲಿಲ್ಲ. ನೀನು ಅವನನ್ನು ಹಾಳು ಮಾಡುತ್ತಿದ್ದೀ ಅಂದರು. ನಾನಿದ್ದೇನೆ ಮಮ್ಮಿ, ನೀವು ಇಲ್ಲದಾಗಲೂ ಇವನು ನನ್ನ ಮನೆಯವನೇ ಅಂದೆ. ಅದಕ್ಕೆ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಬ್ರಹ್ಮಾವರದ ಅಕ್ಕನ ಮಾತನ್ನು ಇವತ್ತು ಹೇಳಿದೆ, ಅದು ಮಾತ್ರ ಸ್ವಲ್ಪ ತಾಗಿದ ಹಾಗೆ ಕಂಡಿತು, ಯಾಕೆಂದರೆ ನನಗೂ ಮಗಳಿದ್ದಾಳೆ. ಪ್ರಪೋಸಲ್ ತಂದವರಿಗೆ ಈಗ ಬೇಡ ಅಂತ ಮಮ್ಮಿಯೇ ಫೋನ್ ಮಾಡಿ ಹೇಳಿದರು. ಪಪ್ಪನ ಹತ್ತಿರ ಇನ್ನೂ ಮಾತಾಡಲು ಆಗಿಲ್ಲ.

ಡಾಕ್ಟ್ರೇ, ಮಮ್ಮಿ ನಿಮ್ಮಂಥವರ ಹತ್ತಿರ ಬರಲು ಒಪ್ಪಿದರೆ ತಮ್ಮನನ್ನು ಜೊತೆಗೆ ಕರೆದುಕೊಂಡು ಬರಬೇಕಾ, ಅಥವಾ ಮೊದಲು ಅವರೊಬ್ಬರೇ ಬಂದರೆ ಒಳ್ಳೆಯದಾ?

ಮಣಿಪಾಲ_ಡಾಕ್ಟ್ರು

ಮೊದಲು ಅವರೊಬ್ಬರೇ ಬರಲಿ. ಮಗನ ಎದುರು ಅಳಲು, ಕೇಳಬೇಕಾದದ್ದನ್ನು ಕೇಳಲು ಅವರಿಗೆ ಕಷ್ಟ ಆಗುತ್ತದೆ. ಯಾರ ಹತ್ತಿರ ಹೋದರೂ ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ನೀವು ಫೋನ್‌ನಲ್ಲಿ ಕೇಳಿ, ಒಲವು ಬದಲಾಯಿಸುವ ಚಿಕಿತ್ಸೆ ಮಾಡುತ್ತೀರಾ ಅಂತ. "ನೋಡೋಣ, ಕರೆದುಕೊಂಡು ಬನ್ನಿ" ಅಂದರೆ ಅಲ್ಲಿಗೆ ಹೋಗಬೇಡಿ. ಮಾಡುವುದಿಲ್ಲ ಅಂತ ಸ್ಪಷ್ಟವಾಗಿ ಹೇಳುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಿ.